ಕಪ್ತಾನನಿಗೆ ಹೇಳದ ಎಣ್ಣೆ

ಹೋಲ್ಟೆನೌ, ಕೀಲ್
19 ಮಾರ್ಚ್ 1944, ಭಾನುವಾರ

ನನ್ನ ಪ್ರೀತಿಯ ಅಮ್ಮನಿಗೆ,

ಈ ಪತ್ರ ತಂದಿರುವವರನ್ನು ಬಾಗಿಲಲ್ಲೇ ನಿಲ್ಲಿಸಿ ಕಳಿಸಿಬಿಡಬೇಡ. ಒಳಗೆ ಕರೆದು ಒಲೆಯ ಪಕ್ಕ ಕೂರಿಸು. ಮನೆಯಲ್ಲಿ ಏನಿದೆಯೋ ಅದನ್ನು ಬಿಸಿ ಮಾಡಿ ಮುಂದಿಡು. ಬೇಡ ಬೇಡ ಅನ್ನುತ್ತಾರೆ, ಕಿವಿಗೆ ಹಾಕಿಕೊಳ್ಳಬೇಡ. ನಿನಗೆ ಅವರ ಗುರುತು ಸಿಗಲಿಕ್ಕಿಲ್ಲ. ನಮ್ಮ ಮದುವೆಯ ದಿನ ಕುಣಿದು ಸುಸ್ತಾಗಿ, ನಿನ್ನ ಅಜ್ಜಿಯ ಕಾಲದ ಕುರ್ಚಿಯ ಮೇಲೆ ದಡಕ್ಕನೆ ಕೂತು ಅದರ ಎರಡು ಕಾಲು ಮುರಿದರಲ್ಲ, ಆ ದಪ್ಪ ಮನುಷ್ಯ. ಫೋಕೋ ಯಾನ್ಸೆನ್. ಎಗ್ಗರ್ಟ್ ಜೊತೆ ಎಂಜಿನ್ ಶಾಲೆಯಲ್ಲಿ ಓದಿದವರು. ಈಗ ದಪ್ಪ ಇಲ್ಲ. ಹೆಂಡತಿ ವೈಮಾರ್‌ನಲ್ಲಿದ್ದಾಳೆ, ಅಲ್ಲಿಗೆ ಹೋಗುವ ದಾರಿಯಲ್ಲಿ ಅಪೋಲ್ಡಾದಲ್ಲಿ ಇಳಿದು ನಿನ್ನನ್ನು ಕಂಡೇ ಹೋಗುತ್ತೇನೆ ಅಂದರು.

ಅವರು ಉಣ್ಣುತ್ತಿರಲಿ, ನೀನು ಓದು. ಓದಿ ಮುಗಿಸುವ ತನಕ ಅವರನ್ನು ಏನೂ ಕೇಳಬೇಡ. ಆಮೇಲೆ ಪತ್ರವನ್ನು ಒಲೆಗೆ ಹಾಕು. ಅಂಚೆಯಲ್ಲಿ ಕಳಿಸಿದ್ದರೆ ಎಷ್ಟು ಕಣ್ಣು ಇದರ ಮೇಲೆ ಬೀಳುತ್ತಿದ್ದವೋ, ನಿನಗೇ ಗೊತ್ತು.

ನೀನು ಹೊಸವರ್ಷದಿಂದ ಒಂದೇ ಮಾತು ಬರೆಯುತ್ತಿದ್ದೀಯ: ಮಗುವನ್ನು ಎತ್ತಿಕೊಂಡು ಬಂದುಬಿಡು. ನಾನು ಒಂದೇ ಉತ್ತರ ಕೊಡುತ್ತಿದ್ದೇನೆ: ಅತ್ತೆಯವರನ್ನು ಒಂಟಿಯಾಗಿ ಬಿಟ್ಟು ಬರಲಾರೆ. ಸುಳ್ಳಲ್ಲ ಅದು. ಅವರನ್ನು ಈ ಮನೆಯಿಂದ ಕದಲಿಸುವುದು ನನ್ನ ಕೈಲಾಗುವ ಕೆಲಸ ಆಗಿರಲಿಲ್ಲ. ಆದರೆ ಅಷ್ಟೇ ನಿಜವೂ ಅಲ್ಲ. ನಾನೇ ಕದಲಲಿಲ್ಲ. ಎಗ್ಗರ್ಟ್ ರಜೆಯ ರೈಲಿನಿಂದ ಇಳಿದು ಬರುವುದು ಈ ಬಾಗಿಲಿಗೆ. ಬಂದಾಗ ಬಾಗಿಲಿಗೆ ಬೀಗ ಇರಬಾರದು. ಸೈರನ್ ಕೂಗಿದಾಗಲೆಲ್ಲ ಗೇಸಾಳನ್ನು ಕಂಬಳಿಯಲ್ಲಿ ಸುತ್ತಿಕೊಂಡು ನೆಲಮಾಳಿಗೆಗೆ ಓಡುತ್ತಿದ್ದೆ, ಓಡುವಾಗಲೂ ತಲೆಯಲ್ಲಿ ಇದೊಂದೇ. ಬಂದಾಗ ಬೀಗ ಇರಬಾರದು.

ಮಗುವಿನ ಜೀವವನ್ನು ಹೀಗೆ ಒತ್ತೆ ಇಟ್ಟು ಕಾಯುವುದಕ್ಕೆ ನನಗೆ ಒಂದು ಕಾರಣ ಇತ್ತು, ಅಮ್ಮ. ಅದನ್ನು ನಿನಗೆ ಬರೆಯುವ ಹಾಗಿರಲಿಲ್ಲ. ಈಗ ಬರೆಯಬಹುದು.

ಕಳೆದ ಅಕ್ಟೋಬರ್‌ನಲ್ಲಿ, ಗೇಸಾಳ ನಾಮಕರಣಕ್ಕೆ ಬಂದಿದ್ದಾಗ, ಒಂದು ಮಧ್ಯಾಹ್ನ ಎಗ್ಗರ್ಟ್ ಅಡುಗೆಮನೆಯಲ್ಲಿ ಕೂತು ಆಲೂಗೆಡ್ಡೆಯ ಸಿಪ್ಪೆ ಹೆರೆಯುತ್ತಿದ್ದ. ನಾನು ಸುಮ್ಮನೆ ಕೇಳಿದೆ, ಕಡಲೊಳಗೆ ಮುಳುಗಿ ಓಡುವ ಅಷ್ಟು ಸಣ್ಣ ದೋಣಿಯಲ್ಲಿ ತಿಂಗಳುಗಟ್ಟಲೆಯ ಎಣ್ಣೆ ಎಲ್ಲಿ ಹಿಡಿಸುತ್ತದೆ, ಅಷ್ಟೂ ಖರ್ಚಾದ ಮೇಲೆ ಖಾಲಿ ಟ್ಯಾಂಕುಗಳು ಕಡಲಿನ ಒತ್ತಡಕ್ಕೆ ಅಪ್ಪಚ್ಚಿ ಆಗುವುದಿಲ್ಲವೇ ಅಂತ. ಅವನ ಕಣ್ಣು ಅರಳಿತು. ಹೆಂಡತಿ ರಸಾಯನಶಾಸ್ತ್ರ ಓದಿದವಳು ಅನ್ನುವುದು ಅವನಿಗೆ ಆಗಾಗ ನೆನಪಾಗುತ್ತಿತ್ತು.

"ಖಾಲಿ ಆಗೋದೇ ಇಲ್ಲ ಕಣೇ," ಅಂದ. "ಟ್ಯಾಂಕಿನ ತಳ ಕಡಲಿಗೆ ತೆರೆದೇ ಇರುತ್ತೆ. ಎಣ್ಣೆ ಮೇಲೆ ತೇಲ್ತಾ ಇರುತ್ತೆ, ಕೆಳಗೆ ಉಪ್ಪುನೀರು. ನಾವು ಮೇಲಿಂದ ಎಣ್ಣೆ ಎಳ್ಕೊಂಡಷ್ಟೂ ಕೆಳಗಿಂದ ಕಡಲು ಒಳಗೆ ಬರುತ್ತೆ. ಯಾವಾಗ ನೋಡಿದ್ರೂ ಟ್ಯಾಂಕ್ ತುಂಬಿದ್ದೇ."

ನೀರು ಎಣ್ಣೆಗಿಂತ ಭಾರ ಅಲ್ಲವೇ, ಹಾಗಾದರೆ ಎಣ್ಣೆ ಮುಗಿದಷ್ಟೂ ದೋಣಿ ಭಾರವಾಗಬೇಕಲ್ಲ ಅಂದೆ.

"ಆಗುತ್ತೆ. ಅದನ್ನ ಸರಿದೂಗಿಸೋಕೇ ನನಗೆ ಸಂಬಳ. ಮುಳುಗಿದಾಗ ದೋಣಿ ಮೂಗು ಎತ್ತಬಾರದು, ಬಾಲ ಬಿಡಬಾರದು. ದಿನಾ ಎಷ್ಟು ಎಣ್ಣೆ ಹೋಯ್ತು, ಎಷ್ಟು ನೀರು ಬಂತು, ಬೇರೆ ಟ್ಯಾಂಕಿಂದ ಎಷ್ಟು ನೀರು ಹೊರಗೆ ಹಾಕ್ಬೇಕು, ಎಲ್ಲಾ ಎಂಜಿನ್ ನೋಡ್ಕೊಳ್ಳೋ ಚೀಫ್ ತಲೆ ಮೇಲೆ."

"ಕಪ್ತಾನ ನೋಡಲ್ವಾ?"

"ಏನು ನೋಡ್ತಾನೆ? ಕಡ್ಡಿ ಇಳಿಸಿ ಅಳೆಯೋಕೆ ಅದೇನು ಹಾಲಿನ ಕ್ಯಾನಾ? ಎಣ್ಣೆ ಎಲ್ಲಿ ಮುಗೀತು, ನೀರು ಎಲ್ಲಿ ಶುರುವಾಯ್ತು, ನನಗೊಬ್ಬನಿಗೇ ಗೊತ್ತಿರೋದು. ಅದಕ್ಕೇ..." ಅಂತ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ಅದಕ್ಕೇ ನಾವೆಲ್ಲ ಸ್ವಲ್ಪ ಕಮ್ಮಿ ಹೇಳ್ತೀವಿ."

ಎಲ್ಲ ಚೀಫ್‌ಗಳೂ ಹೇಳುತ್ತಾರಂತೆ. ಒಬ್ಬೊಬ್ಬರು ಒಂದೊಂದಷ್ಟು. ಎಂಜಿನ್ ಶಾಲೆಯಲ್ಲಿ ಕಲಿಸುವುದಿಲ್ಲ, ಹಳಬರು ಹೊಸಬರಿಗೆ ಬಿಯರ್ ಕುಡಿಯುವಾಗ ಹೇಳಿಕೊಡುತ್ತಾರೆ. ಕಪ್ತಾನರಿಗೆ ಶತ್ರು ಹಡಗುಗಳ ಹಿಂಡು ಕಂಡರೆ ಸಾಕು, ಎರಡೂ ಎಂಜಿನ್ ಪೂರ್ತಿ ಬಿಟ್ಟು ಅಟ್ಟಿಸಿಕೊಂಡು ಹೋಗುತ್ತಾರೆ. ಒಂದೇ ಎಂಜಿನ್ನಿನ ಮೇಲೆ ಮೆಲ್ಲಗೆ ಹೋದರೆ ಅಮೆರಿಕದ ದೀಪ ನೋಡಿಕೊಂಡು ವಾಪಸು ಬರುವಷ್ಟು ಎಣ್ಣೆ, ಹಾಗೆ ಓಡಿಸಿದರೆ ಕುಡುಕನ ಜೇಬಿನಂತೆ ನೋಡನೋಡುತ್ತ ಖಾಲಿ. ಮೊದಲು ನಡುಗಡಲಲ್ಲಿ ಎಣ್ಣೆ ಹಂಚುವ ದೊಡ್ಡ ದೋಣಿಗಳಿದ್ದವು, ನಾವಿಕರು ಅವನ್ನು ಹಾಲು ಕೊಡುವ ಹಸುಗಳು ಅಂತ ಕರೆಯುತ್ತಿದ್ದರು. ಹೋದ ಬೇಸಗೆಯಲ್ಲಿ ಶತ್ರುಗಳು ಆ ಹಸುಗಳನ್ನೆಲ್ಲ ಹುಡುಕಿ ಹುಡುಕಿ ಮುಳುಗಿಸಿದರು. ಈಗ ಹೊತ್ತುಕೊಂಡು ಹೋದಷ್ಟೇ.

"ಕಪ್ತಾನನಿಗೆ ಪೂರ್ತಿ ನಿಜ ಹೇಳಿದ್ರೆ ಅವನು ಪೂರ್ತಿ ನಿಜವನ್ನೂ ಸುಟ್ಟು ಹಾಕ್ತಾನೆ," ಅಂದ ಎಗ್ಗರ್ಟ್. "ಆಮೇಲೆ ಮನೆಗೆ ಬರೋದು ಯಾವುದರಲ್ಲಿ? ಅದಕ್ಕೆ ಎರಡು ಲೆಕ್ಕ. ಒಂದು ಬಾಯಿಗೆ, ಒಂದು ತಲೆಗೆ."

"ನಿನ್ನ ತಲೇಲಿ ಎಷ್ಟಿದೆ?"

"ಒಂಬತ್ತು ಟನ್. ಯಾರಿಗಾದ್ರೂ ಹೇಳ್ದೆ ಅಂದ್ರೆ ನನ್ನನ್ನ ಗೋಡೆಗೆ ನಿಲ್ಲಿಸಿ ಗುಂಡು ಹಾಕ್ತಾರೆ, ಆಮೇಲೆ ನೀನೇ ಗೆಡ್ಡೆ ಹೆರೀಬೇಕು."

ನಾನು ನಕ್ಕೆ. ಗೇಸಾ ಕೂಡ ನಕ್ಕಳು, ಅವಳು ಆಗ ಯಾರು ನಕ್ಕರೂ ನಗುತ್ತಿದ್ದಳು.

ಡಿಸೆಂಬರ್ ಮೊದಲಿಗೆ ಅವರು ಫ್ರಾನ್ಸಿನ ಬ್ರೆಸ್ಟ್ ಬಂದರಿನಿಂದ ಹೊರಟರು. ಫೆಬ್ರವರಿ ಮುಗಿದರೂ ಬರಲಿಲ್ಲ. ನಿನಗೆ 'ಸುದ್ದಿ ತಡವಾಗಿದೆ ಅಷ್ಟೆ' ಅಂತ ಬರೆದೆನಲ್ಲ, ಆ ವಾರವೇ ನೌಕಾದಳದ ಕಚೇರಿಯಿಂದ ವಯಸ್ಸಾದ ಅಧಿಕಾರಿಯೊಬ್ಬರು ಮನೆಗೆ ಬಂದಿದ್ದರು. ನಾನು ಎಗ್ಗರ್ಟ್‌ಗೆ ಬರೆದಿದ್ದ ಪತ್ರಗಳನ್ನೆಲ್ಲ ದಾರ ಕಟ್ಟಿ ವಾಪಸು ತಂದಿದ್ದರು. ಒಂದೂ ಒಡೆದಿರಲಿಲ್ಲ. ಕೂರಲೂ ಒಲ್ಲೆ ಅಂದರು, ಟೊಪ್ಪಿಯನ್ನು ಎದೆಗೆ ಒತ್ತಿಕೊಂಡು ನಿಂತೇ ಇದ್ದರು.

"ನೋಡಿ ತಾಯಿ, ನಾನು ನಿಮಗೆ ಸುಳ್ಳು ಭರವಸೆ ಕೊಡಲ್ಲ. ಹೊರಡುವಾಗ ದೋಣೀಲಿ ಎಷ್ಟು ಎಣ್ಣೆ ಇತ್ತು ನಮಗೆ ಗೊತ್ತು. ಅವರ ಕಪ್ತಾನರು ಕೊನೇ ಸಲ ರೇಡಿಯೋದಲ್ಲಿ ಎಷ್ಟಿದೆ ಅಂತ ತಿಳಿಸಿದ್ರು, ಅದೂ ಗೊತ್ತು. ಅಷ್ಟರಲ್ಲಿ ಇಲ್ಲಿವರೆಗೂ ಯಾರೂ ಹೊರಗಿರೋಕೆ ಆಗಲ್ಲ."

ನನಗೆ ನಗು ಬಂತು, ಅಮ್ಮ. ತಡೆಯಲಾಗಲಿಲ್ಲ. ಕಪ್ತಾನ ತಿಳಿಸಿದ್ದು ಬಾಯಿಯ ಲೆಕ್ಕ. ತಲೆಯ ಲೆಕ್ಕ ನನ್ನ ಹತ್ತಿರ ಇತ್ತು. ಪಾಪ ಆ ಮನುಷ್ಯ ಹೆದರಿದರು. ಹೋಗುವಾಗ ಬಾಗಿಲಲ್ಲಿ ಅತ್ತೆಯವರ ಕಿವಿಯಲ್ಲಿ, ಸೊಸೆಯನ್ನ ಸ್ವಲ್ಪ ನೋಡಿಕೊಳ್ಳಿ ಅಂದರಂತೆ. ಅತ್ತೆಯವರ ಬಾಯಿ ನಿನಗೆ ಗೊತ್ತಲ್ಲ. "ಅವಳು ನಕ್ಕು ಎಷ್ಟೋ ದಿನ ಆಗಿತ್ತು. ನೀವು ಆಗಾಗ ಬರ್ತಾ ಇರಿ" ಅಂದು ಕಳಿಸಿದರು.

ಬಾಗಿಲು ಹಾಕಿಕೊಂಡು ಒಳಗೆ ಬಂದು ಮಾತ್ರ ಆ ಪತ್ರಗಳ ಕಟ್ಟನ್ನು ಕಪಾಟಿನ ಹಿಂದಕ್ಕೆ ತಳ್ಳಿದರು. ಆಗ ನಾನು ಅವರಿಗೆ ಒಂಬತ್ತು ಟನ್ನಿನ ವಿಷಯ ಹೇಳಿಬಿಟ್ಟೆ.

ಅವರು ತೊಡೆ ತಟ್ಟಿಕೊಂಡು, "ಕಳ್ಳ! ಥೇಟ್ ಅವರಪ್ಪ!" ಅಂದರು. "ಅವನೂ ಹಂಗೇ ಕಣೇ ಹುಡುಗಿ, ಬಲೇಲಿ ಎಷ್ಟು ಮೀನು ಬಿತ್ತು ಅಂದ್ರೆ ಒಂದು ದಿನಾನೂ ಅರ್ಧಕ್ಕಿಂತ ಜಾಸ್ತಿ ಹೇಳಿದವನಲ್ಲ. ಹೆಂಡತಿಗೂ!"

ಅವತ್ತಿನಿಂದ ಎರಡು ವಾರ ನಾವಿಬ್ಬರೂ ಆ ಎಣ್ಣೆಯ ಮೇಲೆ ಬದುಕಿದೆವು. ಬೆಳಿಗ್ಗೆ ಬಾರ್ಲಿ ಕಾಫಿ ಸುರಿಯುವಾಗ ಅತ್ತೆ ಕೇಳುವರು, "ಇವತ್ತು ಎಲ್ಲಿದಾರೆ ನಮ್ಮ ಕಳ್ಳರು?" ನಾನು ಯಾವುದೋ ಒಂದು ಜಾಗ ಹೇಳುವೆ. "ಒಂದೇ ಎಂಜಿನ್ನೇನೇ?" "ಒಂದೇ ಅತ್ತೆ." "ಹಂಗಾದ್ರೆ ಮೆಲ್ಲಗೇ ಬರ್ಲಿ ಬಿಡು. ನಮಗೇನು ಅರ್ಜೆಂಟು?" ಅನ್ನುವರು. ಎದ್ದುಹೋಗಿ ಕಿಟಕಿಯಿಂದ ಕಾಲುವೆಯ ಕಡೆ ನೋಡುವರು. ಅವನು ಬರುವುದು ಫ್ರಾನ್ಸಿನಿಂದ, ರೈಲಿನಲ್ಲಿ. ಅದು ಅವರಿಗೂ ಗೊತ್ತು. ಆದರೂ ಮೀನುಗಾರನ ಹೆಂಡತಿ ನೀರನ್ನೇ ನೋಡುತ್ತಾಳೆ.

ನಾನು ನಿದ್ದೆ ಮಾಡುತ್ತಿಲ್ಲ ಅಂತ ನೀನು ಬೈಯುತ್ತೀಯ. ಮಲಗಿದರೆ ಗೇಸಾಳ ಉಸಿರು ಕೇಳಿಸಬೇಕು, ಸೈರನ್ ಕೇಳಿಸಬೇಕು, ಇವೆರಡರ ನಡುವೆ ಲೆಕ್ಕ. ಇಷ್ಟು ಟನ್, ಇಷ್ಟು ವೇಗ, ಗಾಳಿ ಎದುರಿಗಿದ್ದರೆ ಇಷ್ಟು. ಸಂಖ್ಯೆಗಳು ನನಗೆ ಎಂದೂ ಸುಳ್ಳು ಹೇಳಿದ್ದಿಲ್ಲ ಅಂತ ಹೆಮ್ಮೆ ಇತ್ತು. ಈಗ ಉತ್ತರ ಹಿಡಿಸದಿದ್ದರೆ ವೇಗ ಇಳಿಸುತ್ತಿದ್ದೆ. ಇನ್ನೂ ಹಿಡಿಸದಿದ್ದರೆ ಎಂಜಿನ್ ನಿಲ್ಲಿಸಿ ಅಲೆಯ ಮೇಲೆ ತೇಲಲು ಬಿಡುತ್ತಿದ್ದೆ. ಮೊನ್ನೆ ಮೊನ್ನೆ ನಾನು ಅವರನ್ನು ನಡೆದುಕೊಂಡು ಬರುವವರಿಗಿಂತ ನಿಧಾನವಾಗಿ ತರುತ್ತಿದ್ದೆ.

ಎಗ್ಗರ್ಟ್‌ನ ದೋಣಿ ಅಟ್ಟಿಸಿಕೊಂಡು ಹೋದ ಹಡಗುಗಳಲ್ಲೂ ಎಂಜಿನ್ ಕೋಣೆ ಇದ್ದಿರಬೇಕು, ಅಲ್ಲೂ ಯಾರದೋ ಗಂಡ ಎಣ್ಣೆ ನೋಡಿಕೊಳ್ಳುತ್ತಿದ್ದಿರಬೇಕು ಅನ್ನುವುದು ಈ ಎರಡು ವಾರಗಳಲ್ಲಿ ಮೊದಲ ಸಲ ನನಗೆ ಹೊಳೆಯಿತು. ಯಾರ ಹತ್ತಿರ ಹೇಳಲಿ ಇದನ್ನು?

ಶುಕ್ರವಾರ ಫೋಕೋ ಬಂದರು.

ಬಾಗಿಲು ತೆರೆದಾಗ ನನಗೂ ಗುರುತು ಸಿಗಲಿಲ್ಲ. ಕೋಟು ಬೇರೆಯವರದೇನೋ ಅನ್ನುವ ಹಾಗೆ ಹೆಗಲಿನಿಂದ ಜೋತಾಡುತ್ತಿತ್ತು. ಕೈಯಲ್ಲಿ ಒಂದು ಪೊಟ್ಟಣ, ಫ್ರಾನ್ಸಿನ ಬೆಣ್ಣೆ, ಗೇಸಾಗೆ ಒಂದು ಒಳ್ಳೆಯ ಸೋಪು. ಒಳಗೆ ಬಂದವರೇ ಮೊದಲು ಕೇಳಿದ್ದು, "ಕ್ಲೌಸೆನಮ್ಮ ಎಲ್ಲಿ?"

"ಅತ್ತೆ ಮೀನಿಗೆ ಸಾಲು ನಿಂತಿದ್ದಾರೆ."

"ಒಳ್ಳೇದು. ಸಾಲು ಉದ್ದ ಇರ್ಲಿ," ಅಂದರು. ನಾನು ಗೇಸಾಳನ್ನು ಮಡಿಲಲ್ಲಿ ಹಾಕಿಕೊಂಡು ಕೂತೆ. ಅವರು ಕೂರಲಿಲ್ಲ.

ಜನವರಿಯಲ್ಲಿ ಫೋಕೋ ಇದ್ದ ದೋಣಿಯ ಮೇಲೆ ವಿಮಾನ ಬಾಂಬು ಹಾಕಿತಂತೆ. ದೋಣಿ ಉಳಿಯಿತು, ಆದರೆ ಹೊರಗಿನ ಎಣ್ಣೆಯ ಟ್ಯಾಂಕು ಸೀಳಿತು. "ಹಿಂದೆ ತಿರುಗಿ ನೋಡಿದ್ರೆ ನವಿಲುಗರಿ ಹಾಸಿದ ಹಾಗೆ ಕಡಲು ಬಣ್ಣಬಣ್ಣ. ನಮ್ಮದೇ ಎಣ್ಣೆ. ನಾವು ಎಲ್ಲಿ ಹೋದ್ರೂ ಬೆನ್ನ ಹಿಂದೆ ಚಾಡಿ ಹೇಳ್ಕೊಂಡು ಬರ್ತಿತ್ತು," ಅಂದರು. ಟ್ಯಾಂಕು ಬರಿದಾಗುವ ತನಕ ಅದು ನಿಲ್ಲಲಿಲ್ಲ. ಉಳಿದದ್ದರಲ್ಲಿ ಬ್ರೆಸ್ಟ್ ಮುಟ್ಟುವ ಮಾತೇ ಇರಲಿಲ್ಲ. ಹಸುಗಳೂ ಇಲ್ಲ. ಹತ್ತಿರದ ದೋಣಿಯೊಂದು ಬಂದು ಸ್ವಲ್ಪ ಎಣ್ಣೆ ಕೊಟ್ಟುಹೋಗಲಿ ಅಂತ ರೇಡಿಯೋದಲ್ಲಿ ಆಜ್ಞೆ ಆಯಿತು. ಬಂದದ್ದು ಎಗ್ಗರ್ಟ್ ಇದ್ದ ದೋಣಿ.

ಎರಡು ದೋಣಿಗಳ ನಡುವೆ ಹಗ್ಗ ಎಸೆದು, ಕೊಳವೆ ಕಟ್ಟಿದರು. ಎಗ್ಗರ್ಟ್‌ನ ಕಪ್ತಾನ ದೋಣಿಯ ಗೋಪುರದ ಮೇಲೆ ನಿಂತು, ನಮ್ಮ ಹತ್ತಿರ ಎಷ್ಟಿದೆ ಚೀಫ್ ಅಂತ ಕೂಗಿದ. ಎಗ್ಗರ್ಟ್ ಬಾಯಿಯ ಲೆಕ್ಕ ಹೇಳಿದ. ಕಪ್ತಾನ ಅದರಲ್ಲಿ ತಮಗೆ ಬೇಕಾದ್ದು ಕಳೆದು, ಕೊಡಬಹುದಾದದ್ದು ಇಷ್ಟೇ ಅಂದ.

"ಅಷ್ಟರಲ್ಲಿ ನಾವು ಅರ್ಧ ದಾರಿ ಬರ್ತಿದ್ವಿ ಫ್ರೀಡೆಲ್," ಅಂದರು ಫೋಕೋ. "ಅರ್ಧ ದಾರೀಲಿ ನಿಂತ್ರೆ ಬಿಸ್ಕೇ ಕೊಲ್ಲೀಲಿ ವಿಮಾನದ ಕೆಳಗೆ ಬಾತುಕೋಳಿ ಹಾಗೆ ಕೂತಿರ್ಬೇಕು. ಅವರ ಕಪ್ತಾನ ಬವೇರಿಯಾದವನು, ನಮ್ಮ ಕಡಲಕರೆ ಮಾತು ಅವನಿಗೆ ಅರ್ಥ ಆಗಲ್ಲ. ನಾನು ನಮ್ಮ ಭಾಷೇಲೇ ಕೂಗ್ದೆ, ಎಗ್ಗರ್ಟ್, ಇದು ಸಾಲಲ್ವೋ! ಅಂತ. ಅವನು ಕೊಳವೆ ಹತ್ರ ಕೂತಿದ್ದ, ತಲೆ ಎತ್ತಲಿಲ್ಲ. ಗೊತ್ತೋ, ಬಾಯ್ ಮುಚ್ಕೊಂಡು ಆ ಕಡೆ ತುದಿ ಭದ್ರ ಹಿಡ್ಕೊ ಅಂದ."

ಪಂಪು ನಿಲ್ಲಬೇಕಾದ ಹೊತ್ತಿಗೆ ನಿಲ್ಲಲಿಲ್ಲ. ಕಪ್ತಾನ ಆಕಾಶ ನೋಡುತ್ತ ಚಡಪಡಿಸುತ್ತಿದ್ದನಂತೆ, ಇಷ್ಟು ಹೊತ್ತು ಏನು ಮಾಡ್ತಿದೀಯ ಅಂತ ಬೈದನಂತೆ. ಚಳಿಗೆ ಎಣ್ಣೆ ದಪ್ಪ ಆಗಿದೆ ಸಾರ್, ಮೆಲ್ಲಗೆ ಹರೀತಿದೆ ಅಂದನಂತೆ ಎಗ್ಗರ್ಟ್.

ನಾನು ಕೇಳಿದೆ, "ಎಷ್ಟು?"

ಅವರು ಗೇಸಾಳನ್ನು ನೋಡುತ್ತ ಹೇಳಿದರು. "ಒಂಬತ್ತು ಟನ್. ಹೇಳಿದ್ದಕ್ಕಿಂತ ಹೆಚ್ಚಿಗೆ."

ಅಮ್ಮ, ಆಮೇಲೆ ನಾನು ಕೇಳಿದ ಪ್ರಶ್ನೆ ನಿನಗೆ ಹೇಳಲು ನಾಚಿಕೆಯಾಗುತ್ತದೆ. ಆದರೂ ಹೇಳುತ್ತೇನೆ. ನೀವು ಬ್ರೆಸ್ಟ್ ಮುಟ್ಟಿದಾಗ ಅದರಲ್ಲಿ ಎಷ್ಟು ಉಳಿದಿತ್ತು ಅಂತ ಕೇಳಿದೆ. ತುಂಬ ಉಳಿದಿತ್ತು ಅಂದಿದ್ದರೆ ಆ ಮನುಷ್ಯನ ಮುಖಕ್ಕೆ ಬಿಸಿ ಕಾಫಿ ಎರಚುತ್ತಿದ್ದೆ, ನಿಜವಾಗಿ.

"ಬಂದರಿನ ಬಾಗಿಲಲ್ಲಿ ಎಂಜಿನ್ ಕೆಮ್ಮೋಕೆ ಶುರುವಾಗಿತ್ತು," ಅಂದರು. "ಒಂದು ಬಕೆಟ್ ಉಳಿದಿತ್ತೋ ಏನೋ."

ಆ ಬಕೆಟ್ಟಿಗೂ ನನಗೆ ಹೊಟ್ಟೆ ಉರಿಯಿತು.

ನನಗೇನಾದರೂ ಹೇಳಿಕಳಿಸಿದನೇ ಅಂದೆ. ಫೋಕೋ ಟೊಪ್ಪಿಯ ಅಂಚನ್ನು ತಿರುಗಿಸುತ್ತಲೇ ಇದ್ದರು. "ಹಗ್ಗ ಬಿಚ್ಚುವಾಗ ನಾನೇ ಕೇಳ್ದೆ, ನಿನ್ನ ಹೆಂಡತಿಗೆ ಏನಾದ್ರೂ ಹೇಳ್ಬೇಕೇನೋ ಅಂತ. 'ನೀನ್ಯಾಕೋ? ನಾನೇ ಹೋಗಿ ಹೇಳ್ತೀನಿ ಬಿಡು' ಅಂದ."

ಹೀಗೆ ಎರಡು ವಾರ ನಾನು ಮತ್ತು ಅತ್ತೆ ನಂಬಿ ಕೂತಿದ್ದ ಎಣ್ಣೆ ಎಂದೋ ಫೋಕೋರ ಎಂಜಿನ್ನಿನಲ್ಲಿ ಉರಿದುಹೋಗಿತ್ತು. ಆ ಒಂಬತ್ತು ಟನ್ ಕಳೆದರೆ ಎಗ್ಗರ್ಟ್‌ನ ತಲೆಯ ಲೆಕ್ಕ, ಬಾಯಿಯ ಲೆಕ್ಕ ಎರಡೂ ಒಂದೇ. ಆ ಮುದುಕ ಅಧಿಕಾರಿ ಹೇಳಿದ್ದು ಸರಿ. ಅವರ ಮುಂದೆ ನಾನು ನಕ್ಕಿದ್ದೆ.

ಫೋಕೋ ಕ್ಷಮಿಸಿ ಅಂದರು. ಏನನ್ನು ಕ್ಷಮಿಸಲಿ? ಐವತ್ತು ಜನರನ್ನು ಮನೆಗೆ ಮುಟ್ಟಿಸಿದ ಎಣ್ಣೆ. ಅವನಿದ್ದ ದೋಣಿ ಬರದೆ ಹೋದದ್ದು ಆ ಎಣ್ಣೆ ಇಲ್ಲದ್ದರಿಂದಲೇ ಅಂತಲೂ ಹೇಳುವ ಹಾಗಿಲ್ಲ, ವಿಮಾನ, ಬಾಂಬು, ಬಿರುಗಾಳಿ, ಏನಿತ್ತೋ. ಇಷ್ಟೆಲ್ಲ ನನಗೆ ಅರ್ಥವಾಗುತ್ತದೆ. ಓದಿದವಳಲ್ಲವೇ, ಅರ್ಥ ಎಲ್ಲ ಆಗುತ್ತದೆ. ಆದರೂ ಅವರು ಗೇಸಾಳ ಕಡೆ ಬೆರಳು ಚಾಚಿ, ಅವಳು ಅದನ್ನು ಹಿಡಿದುಕೊಂಡು ಬಾಯಿಗೆ ಹಾಕಿಕೊಂಡಾಗ, ಬಿಡಿಸಿಕೊಳ್ಳಿ ಅಂತ ಕಿರುಚಬೇಕು ಅನ್ನಿಸಿತು. ಆ ಬೆರಳಿನ ಉಗುರಲ್ಲಿ ಇನ್ನೂ ಎಣ್ಣೆಯ ಕಪ್ಪಿತ್ತು. ಕಿರುಚಲಿಲ್ಲ. ಅವಳಿಗೆ ಮೇಲಿನ ಹಲ್ಲು ಬರುತ್ತಿದೆ, ಏನು ಸಿಕ್ಕರೂ ಕಚ್ಚುತ್ತಾಳೆ. ಅವರೂ ಕೈ ಹಿಂದೆಗೆಯಲಿಲ್ಲ.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಅತ್ತೆಯವರ ಬೂಟಿನ ಸದ್ದು. ಬಾಗಿಲು ತಳ್ಳಿದವರೇ ಫೋಕೋರನ್ನು ಕಂಡು ಮೀನಿನ ಚೀಲವನ್ನು ನೆಲಕ್ಕೆ ಬಿಟ್ಟರು.

"ಲೋ ಫೋಕೋ! ಆ ಕುರ್ಚಿ ಮೇಲೆ ಕೂರ್ಬೇಡ್ವೋ, ಗಟ್ಟಿಯಾಗಿರೋದು ಅದೊಂದೇ ನಮ್ಮನೇಲಿ!" ಅಂದರು. ಆಮೇಲೆ ಹತ್ತಿರ ಬಂದು ಅವರ ಎರಡೂ ಕೆನ್ನೆ ಹಿಡಿದುಕೊಂಡರು. "ಏನೋ ಇದು, ಒಣಗಿದ ಮೀನಾಗಿದೀಯ? ನಿನ್ನ ದೋಣೀಲಿ ಅನ್ನ ಹಾಕಲ್ವೇನೋ? ನಮ್ಮವನು ಸಿಕ್ಕಿದ್ನಾ? ನೋಡ್ದ್ಯಾ ಅವನ್ನ?"

"ನೋಡ್ದೆ, ಕ್ಲೌಸೆನಮ್ಮ. ಜನವರೀಲಿ."

"ಹೆಂಗಿದ್ದ?"

"ಗಡ್ಡ ಬಿಟ್ಟಿದ್ದ."

"ಗಡ್ಡ!" ಅಂದರು ಅತ್ತೆ. ನನ್ನ ಕಡೆ ತಿರುಗಿ, "ಕೇಳಿದ್ಯೇನೇ? ಗಡ್ಡವಂತೆ. ಬರ್ಲಿ, ನಾನೇ ಬೋಳಿಸ್ತೀನಿ," ಅಂದು ಮೀನು ತೊಳೆಯಲು ಕೂತರು.

ಫೋಕೋ ನನ್ನ ಕಡೆ ನೋಡಿದರು. ಹೇಳಲೇ ಅನ್ನುವಂತೆ. ನಾನು ತಲೆ ಆಡಿಸಿದೆ, ಬೇಡ ಅಂತ.

ನಾವು ಬರುತ್ತಿದ್ದೇವೆ, ಅಮ್ಮ. ಬುಧವಾರದ ರೈಲಿಗೆ ಜಾಗ ಸಿಕ್ಕಿದೆ, ಗುರುವಾರ ಸಂಜೆಯೊಳಗೆ ಅಪೋಲ್ಡಾ ಮುಟ್ಟಬೇಕು, ಹಳಿಗಳು ಸರಿಯಾಗಿದ್ದರೆ. ಅತ್ತೆಯವರೂ ಬರುತ್ತಾರೆ. ನಿನಗೆ ಆಶ್ಚರ್ಯ ಆಗಬಹುದು. ಅಪ್ಪನ ಕೋಣೆಯನ್ನು ಅವರಿಗೆ ಬಿಟ್ಟುಕೊಡು. ಕಿಟಕಿಯಿಂದ ನೀರು ಕಾಣಿಸದೆ ಮೊದಮೊದಲು ಚಡಪಡಿಸುತ್ತಾರೆ. ನಿನ್ನ ಹೆಣಿಗೆಯ ಮಷೀನಿನ ಮುಂದೆ ಕೂರಿಸಿದರೆ ಬಲೆ ಹೆಣೆದ ಕೈ ಬೇಗ ಕಲಿಯುತ್ತದೆ. ನಿನ್ನ ಅಡುಗೆಯನ್ನು ಆಡಿಕೊಳ್ಳುತ್ತಾರೆ, ಮನಸ್ಸಿಗೆ ಹಚ್ಚಿಕೊಳ್ಳಬೇಡ, ಆಡಿಕೊಳ್ಳುತ್ತಲೇ ಎರಡು ಸಲ ಬಡಿಸಿಕೊಳ್ಳುತ್ತಾರೆ.

ನಾನು ಅತ್ತಿಲ್ಲ. ಇಲ್ಲಿ ಅಳುವ ಹಾಗಿಲ್ಲ, ಅತ್ತೆಯವರಿಗೆ ಗೊತ್ತಾಗುತ್ತದೆ. ಊಟ ಸೇರುತ್ತಿಲ್ಲ, ಆದರೂ ಗೇಸಾಗೆ ಹಾಲು ಬರುತ್ತಿದೆ, ಎಲ್ಲಿಂದ ಬರುತ್ತದೋ. ಬಂದ ಮೊದಲ ದಿನ ನನ್ನನ್ನು ಮಲಗಿಸಿ, ಮಗುವನ್ನು ನೀನು ಎತ್ತಿಕೊಂಡು ಹೊರಗೆ ಹೋಗು. ಅತ್ತೆಯವರನ್ನೂ ಕರೆದುಕೊಂಡು ಹೋಗು. ಸ್ವಲ್ಪ ಹೊತ್ತು ಆ ಮನೆಯಲ್ಲಿ ನನ್ನನ್ನು ಒಬ್ಬಳನ್ನೇ ಬಿಡಿ. ಅಷ್ಟು ಸಾಕು.

ಫೋಕೋ ಉಂಡಿದ್ದು ಮುಗಿದಿರಬೇಕು. ಅವರಿಗೆ ಕೆಟ್ಟ ಮಾತು ಆಡಬೇಡ. ಹೊರಡುವಾಗ ಅವರ ಮಗುವಿಗೆ ನಿನ್ನ ಕೈಯಾರೆ ಹೆಣೆದದ್ದು ಏನಾದರೂ ಇದ್ದರೆ ಕೊಡು. ಗಂಡುಮಗು, ಜನವರಿಯಲ್ಲಿ ಹುಟ್ಟಿದೆ, ಅವರು ಇನ್ನೂ ಮುಖ ನೋಡಿಲ್ಲ. ಇದನ್ನು ಅವರಾಗಿ ಹೇಳಲಿಲ್ಲ, ನಾನು ಕೆದಕಿ ಕೇಳಿದ್ದಕ್ಕೆ ತಪ್ಪು ಮಾಡಿದವರಂತೆ ಹೇಳಿದರು.

ನಿನ್ನ ಮಗಳು,
ಫ್ರೀಡೆಲ್

ವಿ.ಸೂ.: ಅತ್ತೆಯವರು ಹೊರಡಲು ಹೇಗೆ ಒಪ್ಪಿದರು ಅಂತ ಬರೆಯಬಾರದು ಅಂದುಕೊಂಡಿದ್ದೆ. ಬರೆಯದಿದ್ದರೆ ನೀನು ಮೊದಲ ದಿನವೇ ಅವರ ಮುಂದೆ ಬಾಯಿ ತಪ್ಪುತ್ತೀಯ. ಅವರಿಗೆ ನಾನು ಬೇರೆಯೇ ಹೇಳಿದ್ದೇನೆ. ಎಗ್ಗರ್ಟ್ ಇದ್ದ ದೋಣಿ ಎಣ್ಣೆ ಕಡಿಮೆಯಾಗಿ, ಯುದ್ಧಕ್ಕೆ ಸೇರದ ಸ್ಪೇನಿನ ಬಂದರಿಗೆ ಹೋಗಿ ಸೇರಿದೆ, ಯುದ್ಧ ಮುಗಿಯುವ ತನಕ ಅಲ್ಲಿಯವರು ಅವರನ್ನು ಬಿಡುವುದಿಲ್ಲ, ಪತ್ರ ಬರೆಯಲೂ ಬಿಡುವುದಿಲ್ಲ, ಫೋಕೋ ಗುಟ್ಟಾಗಿ ತಿಳಿಸಿ ಹೋಗಲು ಬಂದಿದ್ದಾರೆ ಅಂದೆ. ಬಿಟ್ಟಾಗ ಅವನು ದಕ್ಷಿಣದಿಂದಲೇ ಬರಬೇಕು, ಕೀಲ್‌ಗಿಂತ ಅಪೋಲ್ಡಾವೇ ಮೊದಲು ಸಿಗುತ್ತದೆ ಅಂದೆ. ಫೋಕೋ ತಟ್ಟೆಯಿಂದ ಕಣ್ಣೆತ್ತಲಿಲ್ಲ. ಅತ್ತೆ ಅದನ್ನು ಸೇನೆಯ ಗುಟ್ಟು ಅಂದುಕೊಂಡು, "ನೀನೇನೂ ಹೇಳಿಲ್ಲ, ನಾನೇನೂ ಕೇಳಿಲ್ಲ ಕಣೋ" ಅಂತ ಕಣ್ಣು ಮಿಟುಕಿಸಿದರು. ಈಗ ಅವನ ತೆಳು ಅಂಗಿಗಳನ್ನು ಆರಿಸಿ ಪೆಟ್ಟಿಗೆಗೆ ತುಂಬುತ್ತಿದ್ದಾರೆ, ಅಲ್ಲಿ ಸೆಖೆಯಂತೆ.

ಹಾಗೆ ಹೋಗಿ ಸೇರಿದ್ದರೆ ನಮ್ಮವರಿಗೆ ವಾರದೊಳಗೆ ಸುದ್ದಿ ಮುಟ್ಟುತ್ತಿತ್ತು ಅಂತ ಫೋಕೋ ಮೆಟ್ಟಿಲಿಳಿಯುವಾಗ ನನಗೆ ಹೇಳಿದರು. ನನಗೂ ಗೊತ್ತು. ಬಾಯಿಗೆ ಬಂದದ್ದು ಹೇಳಿದೆ, ಅಷ್ಟೆ. ಆದರೆ ಇವತ್ತು ಬೆಳಿಗ್ಗೆ ಗೇಸಾಳನ್ನು ತೂಗುತ್ತ ಆ ಲೆಕ್ಕವನ್ನೂ ಹಾಕಿ ನೋಡಿದೆ, ಅಮ್ಮ. ಅವರು ಕೊಳವೆ ಬಿಚ್ಚಿದ ಜಾಗದಿಂದ ಸ್ಪೇನಿಗೆ ಎಣ್ಣೆ ಸಾಲುತ್ತದೆ.

ಅಪ್ಪನ ಅಟ್ಲಾಸಿನಲ್ಲಿ ಸ್ಪೇನಿನ ಪುಟ ಕಿತ್ತು ಬಂದಿದೆ. ಅತ್ತೆಯವರು ಕೇಳಿದಾಗ ತೆಗೆದುಕೊಡು. ನಾನು ಕೇಳಿದರೆ ಕೊಡಬೇಡ.